ಸುಕ್ಕು ಬಿದ್ದ ಮೇಲೇ ನೀರು

...ಅಯ್ಯೋ, ಅದನ್ನ ಮುಟ್ಟಬೇಡ ಪುಟ್ಟಿ! ಮುಟ್ಟಬೇಡ ಅಂದೆ ತಾನೆ... ನೋಡು, ಬಂದೇಬಿಡ್ತು ಕೈಗೆ. ಬುಡದಿಂದಾನೇ ಕಿತ್ತು ಬಂತು. ಇರಲಿ, ಇರಲಿ, ಅಲ್ಲೇ ಇಡು. ಮಣ್ಣಿನ ಮೇಲೆ ನೆಟ್ಟಗೆ ನಿಲ್ಲಿಸಿಬಿಡು, ಅಷ್ಟು ಸಾಕು. ಒಳಗಡೆ ಮಂಚದಿಂದ ನಿಮ್ಮಕ್ಕ ನೋಡಿದ್ರೆ ಹಸಿರು ಕಾಣಬೇಕು. ಕೈ ಒರೆಸ್ಕೋ. ತಗೋ ಈ ಬಟ್ಟೆ ಚೂರು. ದರ್ಜಿ ಮನೇಲಿ ಬಟ್ಟೆ ಚೂರಿಗೇನು ಬರಗಾಲ!

ವಾಸನೆ ಬಂತಾ? ಬರುತ್ತೆ. ಕೊಳೆತ ಸೌತೆಕಾಯಿ ವಾಸನೆ. ನನ್ನ ಮೂಗಿಗೆ ಅಭ್ಯಾಸ ಆಗಿಹೋಗಿದೆ, ನೀನು ಮೂಗು ಮುಚ್ಚಿದಾಗಲೇ ನೆನಪಾಗಿದ್ದು.

ಯಾಕೆ ನಗ್ತೀಯಾ? ಏನಿದೆ ನಗೋಕೆ? ...ನಗು ಬಿಡು, ನಗಬೇಕಾದ್ದೇ. ಬೇರೆ ಗಂಡಸರು ಗುಲಾಬಿ ಸಾಯಿಸ್ತಾರೆ, ಮಲ್ಲಿಗೆ ಸಾಯಿಸ್ತಾರೆ. ನಾನು ಕಳ್ಳಿ ಸಾಯಿಸಿದೆ! ಕಲ್ಲಿನ ಮೇಲೆ ಎಸೆದರೂ ಬದುಕೋ ಜಾತಿ. ಅದನ್ನ ಸಾಯಿಸೋಕೂ ಒಂದು ಯೋಗ್ಯತೆ ಬೇಕು ಕಣೇ, ಎಲ್ಲರ ಕೈಲೂ ಆಗೋ ಕೆಲಸ ಅಲ್ಲ... ಮೆತ್ತಗೆ ನಗು ಮಾತ್ರ. ಈಗ ತಾನೇ ಅವಳಿಗೆ ಕಣ್ಣು ಹತ್ತಿದೆ.

ಆ ಬ್ಯಾಗ್ ಯಾಕೆ ಹೆಗಲಲ್ಲೇ ಇಟ್ಕೊಂಡಿದೀಯ? ಕೆಳಗಿಡು. ಹೊಲಿಗೆ ಮಿಷನ್ ಪಕ್ಕ ಇಡು. ಹಗುರ ಇದೆ ಅಂತ ಗೊತ್ತು, ಖಾಲಿ ಬ್ಯಾಗ್ ತಾನೆ? ನಿಮ್ಮಕ್ಕನ ಬಟ್ಟೆ ಅದರಲ್ಲಿ ತುಂಬ್ಕೊಂಡು, ನಿಮ್ಮಕ್ಕನ್ನ ಪಕ್ಕದಲ್ಲಿ ಕೂರಿಸ್ಕೊಂಡು ಹೊರಡೋಕೆ ಬಂದಿದೀಯ. ಕೆಳಗೆ ಗಾಡಿ ನಿಂತಿರೋದು ಈ ಬಾಲ್ಕನಿಯಿಂದಲೇ ಕಾಣುತ್ತೆ. ನಾನೇನು ಕುರುಡನಾ? ಸೂಜಿಗೆ ದಾರ ಪೋಣಿಸೋ ಕಣ್ಣು ಇನ್ನೂ ಹೋಗಿಲ್ಲ.

ಕಾಯಲಿ ಗಾಡಿ. ನಾನು ಹೇಳೋದು ಹೇಳಿಬಿಡ್ತೀನಿ, ಆಮೇಲೆ ನಿನ್ನಿಷ್ಟ. ಕೂತ್ಕೋ... ಆ ಸ್ಟೂಲ್ ಬೇಡ, ಅದರ ಕಾಲು ಅಲ್ಲಾಡುತ್ತೆ. ಹೊಸ್ತಿಲ ಮೇಲೇ ಕೂತ್ಕೋ. ಚಿಕ್ಕ ಹುಡುಗಿ ಆಗಿದ್ದಾಗ ಅಲ್ಲೇ ತಾನೆ ಕೂತು ಗುಂಡಿ ಹಾಕೋದು ಕಲಿತಿದ್ದು? ತಲೆ ಬೆಳ್ಳಗಾಯ್ತು ನಿಂದು, ನನ್ನ ಬಾಯಲ್ಲಿ ಇನ್ನೂ ಪುಟ್ಟಿ ಪುಟ್ಟಿ. ಬೇರೆ ಏನಂತ ಕರೀಲಿ?

ಆ ನರ್ಸು ನಿನ್ನ ತಲೆ ಕೆಡಿಸಿದಾಳೆ. ಗೊತ್ತು ನನಗೆ. ಕಳೆದ ಸಲ ಡಯಾಲಿಸಿಸ್‌ಗೆ ನೀನು ಕರ್ಕೊಂಡು ಹೋದೆ, ಅವಳು ತೂಕದ ಯಂತ್ರ ತೋರಿಸಿ ಬೈದಳು. ‘ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ಇಷ್ಟು ತೂಕ ಏರಬಾರದು, ಮನೇಲಿ ಯಾರು ನೋಡ್ಕೊಳ್ತಾರೆ ಇವರನ್ನ?’ ಅಂದಳು. ಅಂದಳಾ ಇಲ್ವಾ? ...ನೋಡು. ಅದೇ ಮಾತು. ನನಗೂ ಅದೇ ಪಾಠ ಒಪ್ಪಿಸ್ತಾಳೆ. ಒಳ್ಳೇ ಹುಡುಗಿ, ಕೈ ಮೃದು, ಬಾಯಿ ಮಾತ್ರ ಕತ್ತರಿ.

ಉಪ್ಪು ಕಣೇ. ಎಲ್ಲ ಉಪ್ಪಿನ ಕೆಲಸ. ಈಗ ಅಡುಗೆ ನಾನು ತಾನೆ ಮಾಡೋದು? ಬಟ್ಟೆಯಲ್ಲಾದ್ರೆ ಕಣ್ಣಲ್ಲೇ ಅಳತೆ ಹೇಳ್ತೀನಿ, ಉಪ್ಪಿನ ಡಬ್ಬಿ ಮುಂದೆ ನಾನು ಕೂಸು. ಸ್ವಲ್ಪ ಹೆಚ್ಚು ಬಿದ್ದಿರಬೇಕು. ಉಪ್ಪು ಮೈಯಲ್ಲಿ ನೀರು ಹಿಡಿಯುತ್ತಂತೆ. ಇನ್ಮೇಲೆ ಹಾಕೋದೇ ಇಲ್ಲ, ಆಯ್ತಾ? ಅಷ್ಟಕ್ಕೆಲ್ಲ ಮನೆ ಬಿಡಿಸೋದಾ ಅವಳನ್ನ?

ಹುಬ್ಬು ಇಳಿಸು. ಬಾಯಿ ಬಿಟ್ಟು ಹೇಳದಿದ್ರೂ ನಿನ್ನ ಹುಬ್ಬು ಹೇಳುತ್ತೆ. ಗಿಡ ನೋಡ್ಕೊಳ್ಳೋಕೆ ಬಾರದೋನು ಹೆಂಡ್ತಿನ ಏನು ನೋಡ್ಕೊಂಡಾನು ಅಂತ. ನಿಮ್ಮನೆಯವರಿಗೆಲ್ಲ ಅದೇ ಹುಬ್ಬು, ನಿಮ್ಮಪ್ಪ ನನ್ನನ್ನ ಮೊದಲ ಸಲ ನೋಡಿದಾಗ ಎತ್ತಿದ ಹುಬ್ಬು ಸಾಯೋವರೆಗೂ ಇಳಿಸಲಿಲ್ಲ.

ಗಿಡದ ವಿಷಯ ಬೇರೆ ಪುಟ್ಟಿ. ಕೇಳು. ಈ ಗಿಡಗಳನ್ನ ಅವಳು ತಂದಿದ್ದು ಎಲ್ಲಿಂದ ಗೊತ್ತಾ? ಡಯಾಲಿಸಿಸ್ ಮಾಡೋ ಕಡೆ ಬಾಗಿಲಲ್ಲಿ ದೊಡ್ಡ ಕುಂಡಗಳಿವೆ ನೋಡು, ದಪ್ಪ ಎಲೆಯವು, ಅದರ ಕೆಳಗೆ ಬಿದ್ದಿರೋ ಎಲೆ. ಬರೀ ಎಲೆ! ಮೊದಲ ಸಲ ಸೂಜಿ ಚುಚ್ಚಿಸ್ಕೊಂಡು, ಕೈಗೆ ಪಟ್ಟಿ ಕಟ್ಕೊಂಡು, ಸುಸ್ತಾಗಿ ಹೊರಗೆ ಬಂದಳು. ನನಗೆ ಅಳು ಬರ್ತಿತ್ತು, ಇವಳು ಬಗ್ಗಿ ಎಲೆ ಆರಿಸ್ತಿದಾಳೆ. ‘ಕಿತ್ತರೆ ಕಳ್ಳತನ, ಬಿದ್ದಿದ್ದು ಎತ್ಕೊಂಡ್ರೆ ಪುಣ್ಯ ಕಣ್ರೀ’ ಅಂದಳು. ಪರ್ಸಲ್ಲಿ ಹಾಕ್ಕೊಂಡು ಬಂದಳು. ಪ್ರತಿ ಸಲ ಒಂದೆರಡು ಎಲೆ. ಆ ಕಟ್ಟಡದ ಕಾವಲುಗಾರ ಕೊನೆಕೊನೆಗೆ ತಾನೇ ಎತ್ತಿಟ್ಟು ಕೊಡ್ತಿದ್ದ.

ತಂದ ಎಲೇನ ತಕ್ಷಣ ನೆಡ್ತಿರಲಿಲ್ಲ. ನಾನು ಕೇಳಿದೆ, ಯಾಕೆ ಹಾಗೆ ಪೇಪರ್ ಮೇಲೆ ಒಣಗಿಸಿದೀಯ, ಸತ್ತೇಹೋಗುತ್ತೆ ಅಂತ. ‘ಮುರಿದ ಜಾಗ ಮೊದಲು ಒಣಗಬೇಕು ರೀ, ಗಾಯ ಹಸಿ ಇರೋವಾಗ ಮಣ್ಣಿಗಿಟ್ರೆ ಕೊಳೆಯುತ್ತೆ’ ಅಂದಳು. ಆಮೇಲೆ ಮರಳು, ಹೆಂಚಿನ ಚೂರು, ಸ್ವಲ್ಪವೇ ಸ್ವಲ್ಪ ಮಣ್ಣು. ಅದರ ಮೇಲೆ ಸುಮ್ಮನೆ ಮಲಗಿಸಿದಳು. ನೀರೂ ಇಲ್ಲ ಏನೂ ಇಲ್ಲ. ಒಂದಿನ ಕೂಗಿ ಕರೆದಳು. ಎಲೆಯ ತುದೀಲಿ ಬಿಳೀ ದಾರ! ನನ್ನಾಣೆ, ನಾನು ನೂಲೇ ಅಂಟ್ಕೊಂಡಿದೆ ಅನ್ಕೊಂಡು ಕೀಳೋಕೆ ಹೋದೆ. ಕೈ ಮೇಲೆ ಫಟ್ ಅಂತ ಕೊಟ್ಟಳು. ಬೇರು ಅದು.

ಹಾಗೆ ಬೆಳೆಸಿದ್ದು ಇಷ್ಟನ್ನೂ. ಒಂದೊಂದಕ್ಕೂ ಒಂದು ಹೆಸರಿಟ್ಟಳು. ಇದು ಗುಂಡಿ, ಉಂಡೆ ಹಾಗಿತ್ತು, ಅದಕ್ಕೆ. ಇದು ಜಿಪುಣ, ಏನು ಹಾಕಿದರೂ ಬೇಡ ಅಂತಿತ್ತು. ಆ ಮುಳ್ಳಿಂದು... ಅದಕ್ಕೆ ನನ್ನ ತಾಯಿಯ ಹೆಸರಿಟ್ಟಿದ್ದಳು, ನಾನು ಕೇಳಿಸ್ಕೊಳ್ಳದ ಹಾಗೆ ಇರ್ತಿದ್ದೆ.

ಆಮೇಲೆ ಕಾಲಲ್ಲಿ ಶಕ್ತಿ ಹೋಯ್ತು. ಇಲ್ಲಿ ನಿಲ್ಲೋಕಾಗಲ್ಲ ಅಂತಾದಾಗ ಅವಳು ನನ್ನನ್ನ ಕರೆದು ಅಧಿಕಾರ ಒಪ್ಪಿಸಿದಳು. ಕಾಯಿದೆ ಒಂದೇ. ‘ಎಲೆ ಸುಕ್ಕು ಬಿದ್ದ ಮೇಲೇ ನೀರು. ನನ್ನ ಮುಖದ ಹಾಗೆ ಸುಕ್ಕು ಬೀಳಬೇಕು, ಆಮೇಲೆ. ಅಲ್ಲೀವರೆಗೆ ಇವಕ್ಕೆ ಬೇಕಾಗಿರೋದು ಬಿಸಿಲು ಮತ್ತೆ ಮರೆವು. ಮರೆಯೋ ವಿದ್ಯೆ ನಿಮಗೆ ಚೆನ್ನಾಗಿ ಬರುತ್ತಲ್ಲ? ನಾನು ಹೇಳಿದ ಸಾಮಾನು ಮರೆತು ಬರೋ ಹಾಗೆ ಇವನ್ನೂ ಮರೆತುಬಿಡಿ ಸಾಕು.’

ಮರೀಲಿಲ್ಲ ನಾನು. ಜೀವಮಾನದಲ್ಲಿ ಒಂದನ್ನ ಮರೆಯದೇ ಮಾಡಿದೆ, ಅದು ಹೀಗಾಯ್ತು.

ಅಲ್ಲ, ಅಷ್ಟು ನೀರು ಯಾಕೆ ಹಾಕಿದೆ ಅಂತ ಕೇಳು. ಕೇಳು ಮೊದಲು... ಕೇಳಲ್ವಾ? ನಾನೇ ಹೇಳ್ತೀನಿ.

ಬಾಯಾರಿಕೆ ಅಂದ್ರೇನು ಅಂತ ನಿನಗೆ ಗೊತ್ತಿಲ್ಲ ಪುಟ್ಟಿ. ನನಗೂ ಗೊತ್ತಿರಲಿಲ್ಲ. ನೀರು ಕುಡಿಯೋಕೆ ಸ್ವಲ್ಪ ಮುಂಚೆ ಆಗೋದಕ್ಕೆ ಬಾಯಾರಿಕೆ ಅಂತಾರೆ, ಅಷ್ಟೇ ಅನ್ಕೊಂಡಿದ್ದೆ. ಡಾಕ್ಟರು ಒಂದು ಲೋಟ ಎತ್ತಿ ತೋರಿಸಿ, ಇಡೀ ದಿನಕ್ಕೆ ಇಷ್ಟೇ ಅಂದ್ರು. ಮಾತ್ರೆ ನುಂಗೋ ಗುಟುಕು, ಕಾಫಿ, ಎಲ್ಲ ಅದರೊಳಗೇ. ಕಿಡ್ನಿ ಕೆಲಸ ಬಿಟ್ಟಿದೆ, ಒಳಗೆ ಹೋದ ನೀರಿಗೆ ಹೊರಗೆ ಹೋಗೋ ದಾರಿ ಇಲ್ಲ, ಕಾಲಲ್ಲಿ ನಿಲ್ಲುತ್ತೆ, ಆಮೇಲೆ ಶ್ವಾಸಕೋಶದಲ್ಲಿ ನಿಲ್ಲುತ್ತೆ ಅಂದ್ರು. ತಲೆ ಆಡಿಸ್ಕೊಂಡು ಬಂದೆ. ಏನು ಮಹಾ, ಕಮ್ಮಿ ಕುಡಿದರಾಯ್ತು ಅನ್ಕೊಂಡು.

ಜಗಳ ಮಾಡಿದ್ರೆ ತಡೀಬಹುದಿತ್ತು. ನಿಮ್ಮಕ್ಕನ ಜಗಳ ನನಗೇನು ಹೊಸದಾ! ಅವಳು ಜಗಳ ಮಾಡಲಿಲ್ಲ. ನೋಡ್ತಾಳೆ. ನಾನು ನೀರು ಕುಡಿಯೋವಾಗ ನನ್ನ ಗಂಟಲು ನೋಡ್ತಾಳೆ. ನನ್ನ ಗಂಟಲು ಇಳಿದ ಹಾಗೆ ಅವಳ ಗಂಟಲೂ ಇಳಿಯುತ್ತೆ, ಬರೀ ಬಾಯಲ್ಲಿ. ಅವತ್ತಿಂದ ನಾನು ಬಚ್ಚಲುಮನೇಲಿ ಬಾಗಿಲು ಹಾಕ್ಕೊಂಡು ಕುಡೀತೀನಿ. ಕಳ್ಳ ಬೆಕ್ಕಿನ ಹಾಗೆ. ಬಾಯಿ ಒರೆಸ್ಕೊಂಡು ಹೊರಗೆ ಬರ್ತೀನಿ.

ಅಲ್ಲಿ ನಲ್ಲಿ ಬೇರೆ ತೊಟ್ಟಿಕ್ಕುತ್ತೆ. ಟಪ್... ಟಪ್... ಅದರ ಬಾಯಿಗೆ ಒಂದು ಉದ್ದ ಬಟ್ಟೆ ಕಟ್ಟಿದೀನಿ, ಬಕೆಟ್ ತಳದವರೆಗೂ. ಹನಿ ಬಟ್ಟೆ ಹಿಡ್ಕೊಂಡು ಇಳಿಯುತ್ತೆ, ಸದ್ದಾಗಲ್ಲ. ನಗಬೇಡ, ಕೆಲಸ ಮಾಡುತ್ತೆ ಅದು. ಆದ್ರೆ ಕೆಳಗಿನ ಮನೆಯಾಕೆ ಬಟ್ಟೆ ಒಗೆಯೋದಕ್ಕೆ ಏನು ಮಾಡ್ಲಿ? ಕಿಟಕಿ ಮುಚ್ಚೋಕೆ ಹೋದೆ. ‘ಇರಲಿ ರೀ, ತೆಗೆದಿಡಿ, ಕೇಳಿಸ್ಕೊಳ್ತೀನಿ’ ಅಂದಳು.

...ಹೂಂ. ‘ಕೇಳಿಸ್ಕೊಳ್ತೀನಿ’ ಅಂದಳು.

ಹೆಂಡ್ತಿ ನೀರು ಕೇಳ್ತಾಳೆ, ಗಂಡ ಇಲ್ಲ ಅಂತಾನೆ. ಇಂಥದ್ದೊಂದು ಔಷಧಿ ಯಾವ ಪುಣ್ಯಾತ್ಮ ಕಂಡುಹಿಡಿದನೋ! ಬಿಕ್ಕಳಿಸಿದ್ರೆ ಶತ್ರುಗೂ ನೀರು ಕೊಡ್ತಾರೆ. ನನ್ನ ಕೈ ಸುಮ್ಮನಿರಲ್ಲ ಪುಟ್ಟಿ. ಅವಳು ‘ರೀ, ನೀರು’ ಅಂದ ತಕ್ಷಣ ಎದ್ದಿರ್ತೀನಿ. ಇಷ್ಟು ವರ್ಷದ ಅಭ್ಯಾಸ, ಕಾಲು ತಾನೇ ಏಳುತ್ತೆ. ಚೊಂಬು ತುಂಬಿ ಆಗಿರುತ್ತೆ, ಆಮೇಲೆ ನೆನಪಾಗುತ್ತೆ ಕೊಡೋ ಹಾಗಿಲ್ಲ ಅಂತ. ತುಂಬಿದ ಚೊಂಬು ಕೈಲಿದೆ. ವಾಪಸ್ ಸುರಿಯೋಕೆ ಮನಸ್ಸು ಒಪ್ಪಲ್ಲ. ಅವಳ ಮುಂದೆ ಹಿಡ್ಕೊಂಡು ನಿಲ್ಲೋಕಾಗಲ್ಲ. ಎಲ್ಲಿಗೆ ಹೋಗಲಿ? ಇಲ್ಲಿಗೆ ಬರ್ತಿದ್ದೆ.

ಗಿಡಕ್ಕೆ ಹಾಕ್ತಿದ್ದೆ. ಅಷ್ಟೇ. ಅವಳು ಕೇಳಿದಾಗಲೆಲ್ಲ ಇವಕ್ಕೆ ಹಾಕ್ತಿದ್ದೆ. ಬುಡಕ್ಕೆ ಹುಯ್ಯೋವಾಗ ಮಣ್ಣು ಗುಟುಗುಟು ಅಂತ ಕುಡಿಯುತ್ತೆ ನೋಡು, ಅದನ್ನ ನೋಡಿದ್ರೆ ಎದೆ ಸ್ವಲ್ಪ ಹಗುರ ಆಗ್ತಿತ್ತು. ಯಾರೋ ಒಬ್ಬರು ಕುಡಿದರಲ್ಲ ಅಂತ. ಅವಳೂ ಒಳಗಿಂದ ಕೇಳ್ತಿದ್ದಳು, ‘ಏನು ಮಾಡ್ತಿದೀರಿ?’ ಅಂತ. ‘ಎಲೆ ಮೇಲೆ ಧೂಳು, ಒರೆಸ್ತಿದೀನಿ’ ಅಂತಿದ್ದೆ.

ಸ್ವಲ್ಪ ದಿನಕ್ಕೆ ಎಲೆ ಸುಕ್ಕು ಬಿತ್ತು. ನನ್ನ ಬುದ್ಧಿ ನೋಡು! ಸುಕ್ಕು ಬಿದ್ದ ಮೇಲೆ ನೀರು ಅಂತ ತಾನೆ ಕಾಯಿದೆ? ಸುಕ್ಕು ಬಿದ್ದಿದೆ, ಅಂದ್ರೆ ಬಾಯಾರಿದೆ. ಇನ್ನೂ ಹಾಕಿದೆ. ಇನ್ನೂ ಸುಕ್ಕಾಯ್ತು. ಇನ್ನೂ ಹಾಕಿದೆ... ಕೊನೆಗೆ ಗುಂಡಿನ ಎತ್ಕೊಂಡು ನರ್ಸರಿಯವನ ಹತ್ತಿರ ಓಡಿದೆ. ಅವನು ಕುಂಡ ಬೋರಲು ಹಾಕಿ ತಟ್ಟಿದ. ಬೇರು ಅನ್ನೋದೇ ಇಲ್ಲ. ಕಪ್ಪು ಗಂಜಿ. ‘ಏನು ಯಜಮಾನ್ರೇ, ಈಜೋಕೆ ಬಿಟ್ಟಿದ್ರಾ?’ ಅಂತ ಕೇಳಿದ. ‘ಬೇರು ಕೊಳೆತ ಮೇಲೆ ಗಿಡಕ್ಕೆ ಕುಡಿಯೋಕಾಗಲ್ಲ. ನೀರಲ್ಲೇ ನಿಂತಿರುತ್ತೆ, ಬಾಯಾರಿ ಸಾಯುತ್ತೆ. ನೋಡೋರಿಗೆ ನೀರು ಸಾಲದು ಅಂತ ಕಾಣುತ್ತೆ’ ಅಂದ.

ನೀರಲ್ಲೇ ನಿಂತು ಬಾಯಾರೋದು... ಕೇಳಿದೀಯಾ ಎಲ್ಲಾದ್ರೂ?

‘ತಳದ ತೂತು ಎಲ್ಲಿ?’ ಅಂತ ಕೇಳಿದ. ತೂತಿಗೆ ನಾನೇ ಬಟ್ಟೆ ಚೂರು ತುರುಕಿದ್ದೆ, ಪ್ರತಿಯೊಂದಕ್ಕೂ. ಕೆಸರು ನೀರು ತೊಟ್ಟಿಕ್ಕಿ ಕೆಳಗಿನ ಮನೆಯಾಕೆಯ ಒಣಹಾಕಿದ ಬಿಳೀ ಬಟ್ಟೆ ಮೇಲೆ ಬಿತ್ತು, ಅವಳು ಮೆಟ್ಟಿಲಲ್ಲಿ ನಿಂತು ಕೂಗಾಡಿದಳು. ನಿಮ್ಮಕ್ಕನಿಗೆ ಕೇಳಿಸಬಾರದಲ್ಲ? ಒಳ್ಳೇ ದಪ್ಪ ಬಟ್ಟೆ, ಕೋಟಿನ ಒಳಪದರದ್ದು. ಬಿಗಿಯಾಗಿ ತುರುಕಿದೆ. ಕೆಲಸ ಅಚ್ಚುಕಟ್ಟು ನಂದು! ಒಂದು ಹನಿ ಹೊರಗೆ ಹೋಗಲಿಲ್ಲ.

‘ಇನ್ಮೇಲೆ ಒಂದು ತೊಟ್ಟೂ ಹಾಕಬೇಡಿ, ಒಣಗಲಿ, ಉಳಿದ್ರೆ ಉಳೀತು’ ಅಂದ. ಅವತ್ತಿಂದ ಹಾಕಿಲ್ಲ. ನಿನ್ನಾಣೆ. ತೊಟ್ಟೂ ಹಾಕಿಲ್ಲ. ಆದರೂ ಒಂದೊಂದಾಗಿ ಹೋದವು, ಒಳಗಿಂದ ಮೊದಲೇ ಹೋಗಿದ್ದವು.

ಅವಳಿಗೆ ಹೇಳಬೇಡ ಪುಟ್ಟಿ. ‘ಗುಂಡಿ ಹೇಗಿದಾಳೆ?’ ಅಂತ ದಿನಾ ಕೇಳ್ತಾಳೆ. ಮರಿ ಹಾಕಿದಾಳೆ ಅಂದಿದೀನಿ. ಎಷ್ಟು ಖುಷಿಪಟ್ಟಳು ಗೊತ್ತಾ? ‘ನೋಡಿದ್ರಾ, ಮರೆತರೆ ಹೇಗೆ ಬೆಳೆಯುತ್ತೆ! ಅಂತೂ ನಿಮ್ಮ ಕೈಗೂ ಒಂದು ಗುಣ ಬಂತು’ ಅಂದಳು. ಆ ಮುಖ ನೋಡಿ ನಾನು ಇನ್ನೂ ಎರಡು ಮರಿ ಸೇರಿಸಿದೆ.

ಈಗ ನೀನು ಕರ್ಕೊಂಡು ಹೋಗ್ತೀನಿ ಅಂತೀಯ. ಹೋಗೋಕೆ ಮುಂಚೆ ಒಂದ್ಸಲ ಗಿಡ ನೋಡ್ಬೇಕು ಅಂತಾಳೆ ಅವಳು. ತೋರಿಸ್ತೀಯಾ ಇದನ್ನ? ಹೇಳು.

ಮತ್ತೆ ನಿಮ್ಮನೇಲಿ ಅವಳಿಗೆ ನಿದ್ದೆ ಬರಲ್ಲ. ಮಿಷನ್ ಸದ್ದಿಲ್ಲದೆ ನಿದ್ದೆ ಬರಲ್ಲ ಅವಳಿಗೆ. ಹೊಲಿಗೆ ಕೆಲಸ ಹೆಚ್ಚೇನಿಲ್ಲ ಈಗ, ಆದರೂ ಕೂತು ತುಳೀತೀನಿ. ದಾರ ಇಲ್ಲ, ಬಟ್ಟೆ ಇಲ್ಲ, ಬರೀ ಸದ್ದು. ಸ್ವಲ್ಪ ಹೊತ್ತಿಗೆ ಗೊರಕೆ ಶುರು. ನಿನ್ನ ಹತ್ತಿರ ಮಿಷನ್ ಇದೆಯಾ? ಇದ್ರೂ ತುಳಿಯೋಕೆ ಪುರುಸೊತ್ತಿದೆಯಾ?

ಇತ್ತೀಚೆಗಂತೂ ಚೆನ್ನಾಗಿ ನಿದ್ದೆ ಮಾಡ್ತಾಳೆ. ಮೂರು ದಿಂಬು ಇಟ್ಟು, ಕೂತ ಹಾಗೇ ಮಲಗ್ತಾಳೆ. ಹಾಗಿದ್ರೆ ಉಸಿರು ಸರಾಗ ಅಂತಾಳೆ... ಏನು? ಯಾಕೆ ಮುಖ ಹಾಗೆ ಮಾಡ್ದೆ? ಕೂತು ಮಲಗಿದ್ರೆ ಏನಾಯ್ತು? ಕೆಲವರಿಗೆ ಹಾಗೇ ಒಗ್ಗುತ್ತೆ.

ಎಲ್ಲಿಗೆ? ಎಲ್ಲಿಗೆ ಎದ್ದೆ? ಬೀರು ಯಾಕೆ ತೆಗೀತೀಯಾ! ಬೇಡ, ಬಟ್ಟೆ ನಾನೇ ತೆಗೆದುಕೊಡ್ತೀನಿ. ನಿನಗೆ ಯಾವುದು ಎಲ್ಲಿದೆ ಗೊತ್ತಾಗಲ್ಲ. ಬಿಡು ಪುಟ್ಟಿ... ಆ ನೈಟಿ ಬೇಡ, ಹಳೇದದು, ಒಗೆಯೋಕೆ ಹಾಕಬೇಕು. ಅದೂ ಬೇಡ. ಕೊಡು ಇಲ್ಲಿ.

ಏನು ನೋಡ್ತಿದೀಯ?

ಹೊಲಿಗೆ ಕಣೇ ಅದು. ಬಿಚ್ಚಿ ಹಾಕಿದೀನಿ. ತೋಳು ಸ್ವಲ್ಪ ಬಿಗಿಯಾಯ್ತು ಅಂದಳು, ಅಗಲ ಮಾಡ್ದೆ. ಮೈ ತುಂಬ್ಕೊಂಡಿದಾಳೆ ಅಷ್ಟೇ. ಊಟ ಸೇರ್ತಿದೆ ಈಗ. ನೀನೇ ಅಂತಿದ್ದೆ ತಾನೆ, ಅಕ್ಕ ಸೊರಗಿಹೋಗಿದಾಳೆ ಅಂತ? ಈಗ ಚೇತರಿಸ್ಕೊಂಡಿದಾಳೆ. ಸಂತೋಷಪಡು!

...ಬೆಳಕಿಗೆ ಹಿಡಿದು ನೋಡಬೇಕಾ ಅದನ್ನ? ನಿನಗೆ ಹೊಲಿಗೆ ಹೇಳಿಕೊಟ್ಟಿದ್ದೇ ತಪ್ಪಾಯ್ತು ನೋಡು. ಬೇರೆ ಯಾರಾದ್ರೂ ಆಗಿದ್ರೆ ಹಳೇ ಹೊಲಿಗೆಯ ತೂತು ಕಾಣ್ತಿತ್ತಾ? ಹೌದು, ಒಂದು ಸಾಲಲ್ಲ. ಎರಡು... ಮೂರು. ಎಷ್ಟು ಸಲ ಬಿಚ್ಚಿದೀನೋ ಅಷ್ಟು ಸಾಲು. ಒಳಗಡೆ ಬಟ್ಟೆ ಬಣ್ಣ ಮಾಸಿಲ್ಲ, ಅದೂ ಕಾಣ್ತಿದೆ ನಿನಗೆ. ಬೆರಳು ಓಡಿಸಬೇಡ ಅದರ ಮೇಲೆ. ಸಾಕು.

ಅವಳಿಗೆ ಗೊತ್ತಾಗಬಾರದು ಅಂತ ಮಾಡ್ದೆ ಪುಟ್ಟಿ. ಬಟ್ಟೆ ಬಿಗಿಯಾದ್ರೆ ತಾನೆ ಊದಿಕೊಂಡಿದೀನಿ ಅಂತ ಗೊತ್ತಾಗೋದು? ಹಾಕ್ಕೊಂಡಾಗ ಸಡಿಲ ಇದ್ರೆ, ‘ಇವತ್ತು ಊತ ಇಳಿದಿದೆ ರೀ’ ಅಂತಾಳೆ. ಅಷ್ಟು ಕೇಳೋಕೆ... ಅದೊಂದು ಮಾತು ಕೇಳೋಕೆ...

ಉಪ್ಪು ಅಂದೆನಲ್ಲ. ಉಪ್ಪಿಂದಲೇ.

ಏನಾದ್ರೂ ಅನ್ನು. ನಿನಗೆ ಬಾಯಿಲ್ವಾ? ಮದುವೆ ಮನೇಲಿ ನನ್ನ ಕೋಟಿನ ಕಾಲರ್ ಸರಿಯಿಲ್ಲ ಅಂತ ಎಲ್ಲರೆದುರು ಅಂದೋಳು ನೀನು. ಈಗ ಅನ್ನು. ನರ್ಸು ಅಂದ ಹಾಗೆ ಅನ್ನು. ಅತಿಯಾದ್ರೆ ಅಮೃತಾನೂ ವಿಷ ಅಂತ ಗಾದೆ ಹೇಳು... ಹೀಗೆ ನೋಡಬೇಡ ನನ್ನನ್ನ! ಅವಳೂ ಹೀಗೇ ನೋಡೋದು. ಏನೂ ಕೇಳಲ್ಲ, ನೋಡ್ತಾ ಇರೋದು.

ಉಪ್ಪಲ್ಲ.

ಉಪ್ಪಲ್ಲ ಕಣೇ. ಉಪ್ಪು ಹಾಕೋದನ್ನ ಯಾವಾಗಲೋ ಬಿಟ್ಟಿದೀನಿ.

ಮೊದಲು ಬರೀ ತುಟಿಗೆ ಒದ್ದೆ ಬಟ್ಟೆ. ಡಾಕ್ಟರೇ ಹೇಳಿದ್ರು, ತುಟಿ ಒದ್ದೆ ಮಾಡಬಹುದು ಅಂತ. ತೆಳು ಹತ್ತಿ ಬಟ್ಟೆ ಅದ್ದಿ ತುಟಿ ಮೇಲಿಟ್ಟೆ. ಅವಳು ಅದನ್ನ ಹೀರಿದಳು ಪುಟ್ಟಿ. ಎಳೇ ಮಗು ಹೀರುತ್ತಲ್ಲ, ಹಾಗೆ, ಕಣ್ಣು ಮುಚ್ಚಿ. ಬಟ್ಟೆ ಒಣಗಿಹೋಯ್ತು. ಮತ್ತೆ ಅದ್ದಿ ಕೊಟ್ಟೆ. ಮತ್ತೆ. ಆಮೇಲೆ ಬಟ್ಟೆ ಯಾಕೆ ಅಂತ ಚಮಚ. ಚಮಚದಿಂದ ಚೊಂಬಿಗೆ ಏನು ಮಹಾ ದೂರ?

ಗಿಡ ಇದ್ದಾಗ ಹೇಗೋ ನಡೀತಿತ್ತು. ಅವಳು ಕೇಳ್ತಿದ್ದಳು, ನಾನು ಎದ್ದು ತುಂಬ್ಕೊಂಡು, ಬಂದು ಇಲ್ಲಿ ಸುರೀತಿದ್ದೆ. ಕೈಲಿದ್ದ ನೀರು ಎಲ್ಲಾದ್ರೂ ಹೋಗ್ತಿತ್ತು. ಆ ನರ್ಸರಿಯವನು ತೊಟ್ಟೂ ಹಾಕಬೇಡಿ ಅಂದುಬಿಟ್ಟ. ಇವು ಕೊಳೆತು ಕೂತವು. ಮಾರನೇ ದಿನ ಅವಳು ‘ರೀ’ ಅಂದಳು. ನಾನು ಎದ್ದೆ. ತುಂಬಿಸ್ದೆ. ಇಲ್ಲೀವರೆಗೂ ಬಂದೆ, ಈ ಹೊಸ್ತಿಲವರೆಗೆ. ಸುರಿಯೋಕೆ ಜಾಗ ಇರಲಿಲ್ಲ. ತಿರುಗಿ ನೋಡಿದೆ. ಅವಳು ನನ್ನನ್ನಲ್ಲ, ಚೊಂಬನ್ನ ನೋಡ್ತಿದ್ದಳು.

ಎಲ್ಲಿಗೆ ಹೋಗಬೇಕಿತ್ತು ನಾನು? ಹೇಳು, ಎಲ್ಲಿಗೆ ಹೋಗಬೇಕಿತ್ತು?

ಕುಡಿದ ಮೇಲೆ ನನ್ನ ಕೈ ಹಿಡ್ಕೊಂಡು, ‘ಸಾಕು ರೀ, ಇನ್ನು ಕೊಡಬೇಡಿ’ ಅಂದಳು. ಅವಳೇ ಅಂದಳು. ಅವಳಿಗೂ ಗೊತ್ತು. ಸ್ವಲ್ಪ ಹೊತ್ತಿಗೆ ಮತ್ತೆ ‘ಒಂದೇ ಗುಟುಕು’ ಅಂತಾಳೆ. ಕೊಡಬೇಡಿ ಅನ್ನೋಳೂ ಅವಳೇ, ಕೊಡಿ ಅನ್ನೋಳೂ ಅವಳೇ. ನಾನು ಯಾರ ಮಾತು ಕೇಳಲಿ? ಕೊಟ್ರೆ ಒಂದು ಸಾವು, ಕೊಡದಿದ್ರೆ ದಿನಾ ಸಾವು. ನಿನ್ನೆ ಉಸಿರಾಡೋವಾಗ ಎದೇಲಿ ಸದ್ದು ಬರ್ತಿತ್ತು. ನಾನು ಮಿಷನ್ ಜೋರಾಗಿ ತುಳಿದೆ. ಅವಳಿಗೆ ನಿದ್ದೆ ಬರಲಿ ಅಂತಲ್ಲ, ನನಗೆ ಅದು ಕೇಳಿಸಬಾರದು ಅಂತ.

ಕರ್ಕೊಂಡು ಹೋಗು ಅವಳನ್ನ.

ಹೂಂ, ಹೋಗು. ತುಂಬು ಬ್ಯಾಗಿಗೆ. ನಿನ್ನ ಕೈ ಗಟ್ಟಿ, ನೀನು ಕೊಡಲ್ಲ. ಅವಳು ಅಳ್ತಾಳೆ, ಬೈತಾಳೆ, ನನ್ನ ಗಂಡ ದೇವರಂಥೋನು, ನೀನು ಕಟುಕಿ ಅಂತಾಳೆ. ಅನ್ನಿಸ್ಕೋ. ನಿನ್ನ ಕಾಲಿಗೆ ಬೀಳ್ತೀನಿ, ಅನ್ನಿಸ್ಕೊಂಡು ಸುಮ್ಮನಿರು. ಆ ಡಾಕ್ಟರು ತೋರಿಸಿದ ಲೋಟದಷ್ಟು ಕೊಡು, ಮಿಕ್ಕಿದ್ದಕ್ಕೆ ಕಲ್ಲಾಗು... ನನ್ನ ಕೈಲಾಗಲ್ಲ. ನಾನು ಇಲ್ಲೇ ಇರ್ತೀನಿ. ಬಾಗಿಲವರೆಗೂ ಬರಲ್ಲ. ಬಂದ್ರೆ ನನ್ನ ಮುಖ ನೋಡ್ತಾಳೆ, ನಾನು ಬೇಡ ಅನ್ನಲಿ ಅಂತ ಕಾಯ್ತಾಳೆ, ನಾನು ಅಂದುಬಿಡ್ತೀನಿ.

ಯಾಕೆ ಅಳ್ತೀಯಾ? ನೀನು ಅಳಬೇಡ. ನೀನೂ ಅತ್ತರೆ ಯಾರ ಕೈಗೆ ಕೊಡಲಿ ಅವಳನ್ನ?

...ಶ್! ಕೇಳಿಸ್ತಾ?

ಎದ್ದಳು. ‘ರೀ’ ಅಂದಳು.

ನೀನು ಹೋಗು ಪುಟ್ಟಿ. ನೀನು ಬಂದಾಗಿದೆ ಅಂತ ಅವಳಿಗೆ ಇನ್ನೂ ಗೊತ್ತಿಲ್ಲ, ನಿನ್ನನ್ನ ನೋಡಿ ಸ್ವಲ್ಪ ಹೊತ್ತು ಮರೀತಾಳೆ. ಏಳು. ಏನಾದ್ರೂ ಮಾತಾಡ್ಸು, ನಿನ್ನ ಮೊಮ್ಮಗನ ವಿಷಯ ಹೇಳು, ಏನಾದ್ರೂ... ಯಾಕೆ ನನ್ನ ಮುಖ ನೋಡ್ತೀಯಾ? ನನ್ನನ್ನೇ ಕರೀತಿರೋದು ಅಂತ ಗೊತ್ತು. ಇಷ್ಟು ವರ್ಷದಿಂದ ನನ್ನನ್ನೇ ತಾನೆ ಕರೀತಿರೋದು!

ಮತ್ತೆ ಕರೆದಳು... ಬಂದೆ ಕಣೇ! ಇದೋ ಬಂದೆ!

ಪುಟ್ಟಿ... ನನ್ನ ಕೈ ಹಿಡ್ಕೋ. ಎರಡೂ ಕೈ ಗಟ್ಟಿಯಾಗಿ ಹಿಡ್ಕೋ. ಬಿಡಬೇಡ. ನಾನು ಹೋದ್ರೆ ಕೊಟ್ಟುಬಿಡ್ತೀನಿ.